ಹಾರ್ಲೆಮ್ ಸಾಂಸ್ಕೃತಿಕ ಉತ್ಸವದ ಚಿತ್ರೀಕರಣ

ಹಾರ್ಲೆಮ್ ಸಾಂಸ್ಕೃತಿಕ ಉತ್ಸವವು 1969ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರದ ಮೌಂಟ್ ಮಾರಿಸ್ ಉದ್ಯಾನದಲ್ಲಿ (ಇಂದಿನ ಮಾರ್ಕಸ್ ಗಾರ್ವೆ ಉದ್ಯಾನ) ಆರು ಭಾನುವಾರಗಳಂದು ನಡೆದ, ಸೋಲ್, ಜಾಝ್ ಹಾಗೂ ಗಾಸ್ಪೆಲ್ ಗಾಯನವಾದನಗಳ ಉಚಿತ ಬಯಲು ಸಂಗೀತೋತ್ಸವ. ಇದನ್ನು ಹಾಲ್ ಟಲ್ಚಿನ್ ವಿಡಿಯೊ ಟೇಪುಗಳಲ್ಲಿ ಚಿತ್ರೀಕರಿಸಿದರು. ದೀಪಗಳಿಗೆ ಹಣವಿರಲಿಲ್ಲವಾದ್ದರಿಂದ ವೇದಿಕೆಯನ್ನು ಪಶ್ಚಿಮಾಭಿಮುಖವಾಗಿ ನಿರ್ಮಿಸಿ, ಅಪರಾಹ್ನದ ಬಿಸಿಲು ಕಲಾವಿದರ ಮುಖದ ಮೇಲೆ ಬೀಳುವಂತೆ ಮಾಡಲಾಯಿತು. ಮನುಷ್ಯನು ಚಂದ್ರನ ಮೇಲಿಳಿದ ಜುಲೈ 20ರಂದು ಸ್ಟೀವಿ ವಂಡರ್ ಹಾಡಿದ್ದು ಇದೇ ವೇದಿಕೆಯಲ್ಲಿ.

ಸುಮಾರು 40 ಗಂಟೆಗಳ ಈ ದೃಶ್ಯಸಂಗ್ರಹದ ಬಹುಭಾಗವು ಅರ್ಧ ಶತಮಾನದಷ್ಟು ಕಾಲ ನೆಲಮಾಳಿಗೆಯಲ್ಲಿ ಉಳಿಯಿತು. ಅದೇ ಬೇಸಿಗೆಯ ವುಡ್‌ಸ್ಟಾಕ್ ಉತ್ಸವದ ಚಲನಚಿತ್ರವು 1970ರಲ್ಲೇ ತೆರೆಕಂಡುದನ್ನು ನೆನೆದರೆ ಈ ಉಪೇಕ್ಷೆ ಎದ್ದು ಕಾಣುತ್ತದೆ. ಈ ಟೇಪುಗಳಿಂದ ಕ್ವೆಸ್ಟ್‌ಲವ್ ರೂಪಿಸಿದ ‘ಸಮ್ಮರ್ ಆಫ್ ಸೋಲ್’ (2021) ಸಾಕ್ಷ್ಯಚಿತ್ರಕ್ಕೆ 2022ರಲ್ಲಿ ಆಸ್ಕರ್ ಪ್ರಶಸ್ತಿ ದೊರೆಯಿತು. ಟಲ್ಚಿನ್ 2017ರಲ್ಲೇ ನಿಧನರಾಗಿದ್ದರು.