ಬೋಸ್ಕೊ ಗುರಿನ್: ಎಪ್ಪತ್ತೊಂದು ಜನರ ಊರು

ಸ್ವಿಟ್ಜರ್ಲೆಂಡಿನ ದಕ್ಷಿಣಕ್ಕಿರುವ ತಿಚಿನೊ ಪ್ರಾಂತ್ಯವು ಇಟಾಲಿಯನ್ ನುಡಿಯ ಸೀಮೆ. ಅಲ್ಲಿನ ಸಂವಿಧಾನವು ತನ್ನ ನಾಡನ್ನು ಇಟಾಲಿಯನ್ ಸಂಸ್ಕೃತಿ ಮತ್ತು ಭಾಷೆಯ ಗಣರಾಜ್ಯವೆಂದೇ ಕರೆಯುತ್ತದೆ. ಈ ಸೀಮೆಯ ಮಾಜ್ಜಾ ಕಣಿವೆಯಿಂದ ಕವಲೊಡೆದ ಕಿರುಕಣಿವೆಯ ತುದಿಯಲ್ಲಿ, ಸುಮಾರು 1,500 ಮೀಟರ್ ಎತ್ತರದಲ್ಲಿ, ಒಂದೇ ಒಂದು ಊರು ಏಳು ಶತಮಾನಗಳ ಕಾಲ ಜರ್ಮನ್ ಆಡಿಕೊಂಡು ಬಂದಿತು. ಇಟಾಲಿಯನ್ನರಿಗೆ ಅದು ಬೋಸ್ಕೊ, ಊರಿನವರಿಗೆ ಗುರಿನ್, ಸರ್ಕಾರಿ ದಾಖಲೆಗಳಲ್ಲಿ ಎರಡೂ ಕೂಡಿ ಬೋಸ್ಕೊ ಗುರಿನ್. 2000ದ ಜನಗಣತಿಯಲ್ಲಿ ಅಲ್ಲಿದ್ದವರು 71 ಮಂದಿ. ಈಗ ಐವತ್ತರ ಆಸುಪಾಸು.

ಇಷ್ಟು ಎತ್ತರಕ್ಕೆ ಇವರು ಬಂದದ್ದಾದರೂ ಹೇಗೆ? ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ರೋನ್ ನದಿಯ ಮೇಲ್ಕಣಿವೆಯಾದ ವಾಲೆಯಿಂದ ಹೊರಟ ಜನರನ್ನು ಚರಿತ್ರೆಯು ವಾಲ್ಸರ್ ಎಂದು ಗುರುತಿಸುತ್ತದೆ. ಬೇರೆಯವರು ಬೇಡವೆಂದು ಬಿಟ್ಟಿದ್ದ ಎತ್ತರದ ಕಾಡುಗಳನ್ನು ಕಡಿದು ಹುಲ್ಲುಗಾವಲು ಮಾಡುವುದು ಇವರ ಕಸುಬು. ಅದಕ್ಕೆ ಪ್ರತಿಯಾಗಿ ಹಲವೆಡೆ ಭೂಒಡೆಯರು ಇವರಿಗೆ ವಂಶಪಾರಂಪರ್ಯದ ಗೇಣಿಯ ಹಕ್ಕನ್ನೂ ಸ್ವಾತಂತ್ರ್ಯವನ್ನೂ ಕೊಟ್ಟರು. ಇಂದು ಹೆಸರಾಂತ ದಾವೋಸ್ ಕೂಡ ಇಂಥದೇ ಒಂದು ವಾಲ್ಸರ್ ನೆಲೆ. ಈಗ ಇಟಲಿಗೆ ಸೇರಿರುವ ಪೊಮಾಟ್ ಕಣಿವೆಯಲ್ಲಿ ನೆಲೆಸಿದ್ದ ಕೆಲವರು ಫುರ್ಕಾ ಕಣಿವೆದಾರಿಯನ್ನು ದಾಟಿ ಗುರಿನ್ನಿಗೆ ಇಳಿದರು. 1253ರಲ್ಲಿ ಅವರ ಚರ್ಚು ಪ್ರತಿಷ್ಠಾಪನೆಗೊಂಡಿತು.

ಬದುಕು ಸುಲಭದ್ದಾಗಿರಲಿಲ್ಲ. 1695ರ ಹಿಮಪಾತ 34 ಜನರನ್ನು, 1749ರದು 41 ಜನರನ್ನು ಬಲಿ ತೆಗೆದುಕೊಂಡಿತು. ಕೆಲವೇ ನೂರು ಜನರ ಊರಿಗೆ ಈ ಸಂಖ್ಯೆಗಳೆಂದರೆ ಮನೆಮನೆಯಲ್ಲೂ ಸಾವು. ಆದರೂ ಊರು ಬರಿದಾಗಲಿಲ್ಲ, ನುಡಿಯೂ ಉಳಿಯಿತು. ಗಂಡಸರು ದುಡಿಮೆಗಾಗಿ ಕೆಳಗಿಳಿದು ಇಟಾಲಿಯನ್ ಕಲಿತರು. ಹೆಂಗಸರು ಹೊಲ, ಹಸು, ಮಕ್ಕಳನ್ನು ನೋಡಿಕೊಂಡು ಮನೆಯೊಳಗಿನ ಮಾತನ್ನು ಕಾಪಾಡಿದರು. ಫುರ್ಕಾದಾಚೆಯ ಪೊಮಾಟ್‌ನಲ್ಲಿ ಅದೇ ನುಡಿಯ ನೆಂಟರಿದ್ದರು. ಯಾವ ಕಾನೂನಿನ ಆಸರೆಯೂ ಇಲ್ಲದೆ, ಹಟ್ಟಿ ಮತ್ತು ಅಡುಗೆಮನೆಗಳ ಬಲದಿಂದಲೇ ಒಂದು ಭಾಷೆ ಅಷ್ಟು ಕಾಲ ಬಾಳಿತು ಎಂಬುದನ್ನು ನಾವು ಗಮನಿಸಬೇಕು.

ಹಿಮಪಾತ ಮಾಡಲಾರದ್ದನ್ನು ದುಡಿಮೆಯ ದಾರಿಗಳು ಮಾಡಿದವು. ಹತ್ತೊಂಬತ್ತನೆಯ ಶತಮಾನದ ನಡುವೆ ಮಾಜ್ಜಾ ಕಣಿವೆಯ ತರುಣರು ಚಿನ್ನದ ಸುದ್ದಿ ಕೇಳಿ ಆಸ್ಟ್ರೇಲಿಯಕ್ಕೂ ಕ್ಯಾಲಿಫೋರ್ನಿಯಕ್ಕೂ ಹಡಗು ಹತ್ತಿದರು. ಆ ಕಾಲಕ್ಕೆ ನಾಲ್ಕುನೂರಕ್ಕೆ ಸಮೀಪವಿದ್ದ ಗುರಿನ್ನಿನ ಜನಸಂಖ್ಯೆ 1900ರ ವೇಳೆಗೆ ಇನ್ನೂರೈವತ್ತಕ್ಕಿಂತ ಕಡಿಮೆಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ನಗರಗಳು ಸೆಳೆದವು. ಸೂಪಿನ ಪೊಟ್ಟಣಗಳ ಮೂಲಕ ಸ್ವಿಸ್ ಮನೆಗಳಲ್ಲೆಲ್ಲ ಪರಿಚಿತನಾದ ‘ಕ್ನೋರ್ಲಿ’ ಎಂಬ ಪುಟ್ಟ ಬಾಣಸಿಗನ ಚಿತ್ರವನ್ನು 1948ರಲ್ಲಿ ಬರೆದ ಹಾನ್ಸ್ ತೊಮಾಮಿಖೆಲ್ ಇದೇ ಊರಿನ ಮಗ. ಆತನೂ ದುಡಿದದ್ದು ಜ್ಯೂರಿಕ್‌ನಲ್ಲಿ. ಅತ್ತ ಫ್ಯಾಸಿಸ್ಟ್ ಆಳ್ವಿಕೆಯಲ್ಲಿ ಪೊಮಾಟ್‌ನ ಜರ್ಮನ್ ಸೊರಗಿ, ನೆಂಟಸ್ತಿಕೆಯ ಬಾಗಿಲೂ ಮುಚ್ಚುತ್ತ ಬಂದಿತು. 2000ದ 71 ಜನರಲ್ಲಿ ಜರ್ಮನನ್ನು ತಮ್ಮ ಮುಖ್ಯ ಭಾಷೆ ಎಂದವರು ಮೂರನೆಯ ಒಂದು ಪಾಲು ಮಾತ್ರ.

ಇಲ್ಲಿಯೇ ಒಂದು ವಿಪರ್ಯಾಸವಿದೆ. ಸ್ವಿಟ್ಜರ್ಲೆಂಡಿನಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಜನರ ಭಾಷೆ ಜರ್ಮನ್. ದೇಶದ ಬಹುಸಂಖ್ಯಾತರ ನುಡಿಯಿದ್ದೂ ಗುರಿನ್ ಜನರಿಗೆ ಅದರಿಂದ ನೆರವಾಗಲಿಲ್ಲ. ಅವರದು ಹಳೆಯ ರೂಪಗಳನ್ನು ಉಳಿಸಿಕೊಂಡ ವಾಲ್ಸರ್ ಜರ್ಮನ್; ಜ್ಯೂರಿಕ್‌ಗೆ ಹೋದ ಮಗ ಅಲ್ಲಿನ ಜರ್ಮನನ್ನು ಕಲಿತರೂ ಮನೆಯ ಮಾತು ಉಳಿಯುವುದಿಲ್ಲ.

ಊರಿನವರು ಸುಮ್ಮನೆ ಕುಳಿತಿರಲಿಲ್ಲ. 1938ರಲ್ಲಿಯೇ, ಹದಿನಾಲ್ಕನೆಯ ಶತಮಾನದ ಮರದ ಮನೆಯೊಂದರಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಎಮಿಲಿ ಗೆರ್ಸ್ಟ್ನರ್ ಹಿರ್ಜೆಲ್ ಎಂಬ ವಿದುಷಿ ಇಲ್ಲಿನ ಕಥೆ, ನಂಬಿಕೆಗಳನ್ನು ಸಂಗ್ರಹಿಸಿ 1979ರಲ್ಲಿ ಪ್ರಕಟಿಸಿದರು. ಚಳಿಗಾಲದಲ್ಲಿ ಸ್ಕೀಯಿಂಗ್‌ಗೆಂದು ಜನ ಬರುತ್ತಾರೆ, ಮನೆಗಳಲ್ಲಿ ದೀಪ ಉರಿಯುತ್ತದೆ. ಆದರೆ ಬಂದವರು ಮರಳಿ ಹೋಗುತ್ತಾರೆ. ಜನಗಣತಿಯ ಕೋಷ್ಟಕದಲ್ಲಿ ಅವರಿಲ್ಲ.

ವರ್ಗಾವಣೆಯ ನೌಕರಿಯಲ್ಲಿ ಊರೂರು ತಿರುಗುವ ನಮ್ಮಂಥವರಿಗೆ ಈ ಕಥೆ ದೂರದ್ದೆನಿಸುವುದಿಲ್ಲ. ನಮ್ಮ ಸಂಘಗಳೂ ಪುಸ್ತಕ, ಭಾವಚಿತ್ರ, ಸಂಚಿಕೆಗಳನ್ನು ಜೋಪಾನವಾಗಿಟ್ಟಿವೆ; ಅದು ಬೇಕಾದ ಕೆಲಸವೇ. ಕೋಟಿಗಟ್ಟಲೆ ಜನ ಆಡುವ ಕನ್ನಡಕ್ಕೆ ಗುರಿನ್ನಿನ ಗತಿ ಬಂದಿಲ್ಲ, ನಿಜ. ಆದರೆ ತಾಯ್ನಾಡಿನ ಕೋಟಿಗಳು ಹೊರನಾಡಿನ ಒಂದು ಮನೆಯ ಮಾತನ್ನು ತಾವಾಗಿಯೇ ಉಳಿಸಲಾರವು. ಗುರಿನ್ ಏಳುನೂರು ವರ್ಷ ಬಾಳಿದ್ದು ಸಂಗ್ರಹಾಲಯದಿಂದಲ್ಲ; ತಾಯಿ ಆಡಿದ ಮಾತಿಗೆ ಮಗು ಅದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದುದರಿಂದ. ನಮ್ಮ ಮನೆಗಳಲ್ಲಿ ಆ ಉತ್ತರ ಯಾವ ಭಾಷೆಯಲ್ಲಿ ಬರುತ್ತಿದೆ ಎಂಬುದನ್ನು ನಾವು ಇಂದು ರಾತ್ರಿಯ ಊಟದ ಹೊತ್ತಿಗೇ ಕೇಳಿಸಿಕೊಳ್ಳಬಹುದು.