ಎಸ್‌ಸಿ ಅಂದ್ರೆ ಸಾಲದೇ? ಗಣತಿಗೆ ಮುಂಚೆ ಒಂದಿಷ್ಟು ಇತಿಹಾಸ


ಅಂಬ್ಲಿಗೊಳದ ಕಡೆ ನಮ್ಮವರು ಕೇಳ್ತಾರೆ: "ಗಣತಿಯವರು ಬಂದಾಗ ಎಸ್‌ಸಿ ಅಂದ್ರೆ ಸಾಲದೇನಣ್ಣ, ಒಳಜಾತಿ ಯಾಕೆ?" ಉತ್ತರ ಇತಿಹಾಸದಲ್ಲಿದೆ.

1932ರ ಲೋಥಿಯನ್ ಸಮಿತಿಯಲ್ಲಿ ಬಾಬಾಸಾಹೇಬರು ಸದಸ್ಯರಾಗಿದ್ದರು. ತಲೆಲೆಕ್ಕದ ಮೇಲೆ ಸ್ಥಾನ ಸಿಗುತ್ತೆ ಅಂತ ಗೊತ್ತಾದ ಕೂಡಲೇ ಕೆಲವು ಪ್ರಾಂತ್ಯಗಳ ಸವರ್ಣೀಯರು ತಮ್ಮಲ್ಲಿ ಅಸ್ಪೃಶ್ಯರೇ ಇಲ್ಲ, ಇದ್ದರೂ ಸ್ವಲ್ಪ ಅನ್ನತೊಡಗಿದರು. ಬಾವಿ ಹತ್ತಿರ ಕಂಡವರು ಪಟ್ಟಿಯಲ್ಲಿ ಕಾಣಲಿಲ್ಲ!

ನಮ್ಮ ರಾಜ್ಯದ್ದೇ ನೋಡಿ. 1971ರ ಗಣತಿಯ ಲೆಕ್ಕದಲ್ಲಿ ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ 2 ಸ್ಥಾನ. ನಡುವೆ ನಾಯಕ, ವಾಲ್ಮೀಕಿ ಹೆಸರುಗಳು ಪಟ್ಟಿಗೆ ಸೇರಿದವು. 2001ರ ಗಣತಿ ಹಿಡಿದು 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಆದಾಗ ಅದೇ 15 ಆಯ್ತು. ದುಡ್ಡಿನದೂ ಇದೇ ಕಥೆ. 2011ರ ಗಣತಿಯಲ್ಲಿ ನಾವು ಶೇ. 17.15, ಪಂಗಡದವರು ಶೇ. 6.95. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯಡಿ ಶೇ. 24.1 ಹಣ ತೆಗೆದಿಡೋದು ಈ ಲೆಕ್ಕದಿಂದಲೇ. ಆಮೇಲೆ ಹುಟ್ಟಿದ ನಮ್ಮ ಮಕ್ಕಳು ಈ ಲೆಕ್ಕದಲ್ಲಿ ಇಲ್ಲ.

ಇನ್ನು ಒಳಜಾತಿ. 1920ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ 'ಪಂಚಮ' ಹೋಗಿ 'ಆದಿ ಕರ್ನಾಟಕ', 'ಆದಿ ದ್ರಾವಿಡ' ಬಂದವು. ಅದು ಮಾನದ ಹೆಸರು, ಅನುಮಾನವಿಲ್ಲ. ಆದರೆ ಒಂದು ಜಿಲ್ಲೆಯಲ್ಲಿ ಮಾದಿಗರು ಎಕೆ ಅಂತ ಬರೆಸಿದ್ರೆ ಇನ್ನೊಂದರಲ್ಲಿ ಹೊಲೆಯರು ಎಕೆ. ಗಣತಿಯಲ್ಲಿ ಎಲ್ಲಾ ಒಂದೇ ರಾಶಿ. ಯಾರೆಷ್ಟು ಅಂತ ತಿಳಿಯದೆ ಒಳಮೀಸಲಾತಿ ದಶಕಗಟ್ಟಲೆ ನೆನೆಗುದಿಗೆ ಬಿತ್ತು.

2023ರ ಮಾರ್ಚ್‌ನಲ್ಲಿ ಸರ್ಕಾರ 6, 5.5, 4.5, 1 ಅಂತ ಹಂಚಿತು. ಬಂಜಾರ ಬಂಧುಗಳು ನಮ್ಮ ಶಿಕಾರಿಪುರದಲ್ಲೇ ಬೀದಿಗಿಳಿದರು. ಕಲ್ಲು ತೂರಾಟ, ಲಾಠಿ, ನಿಷೇಧಾಜ್ಞೆ. ತಾಂಡದವರೂ ಕೇರಿಯವರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವಂತಾಯ್ತು. ಎಲ್ಲರೂ ಒಪ್ಪುವ ಲೆಕ್ಕ ಇಲ್ಲದಿದ್ರೆ ಆಗೋದು ಇದೇ. 2025ರಲ್ಲಿ ನಾಗಮೋಹನ್ ದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿದಾಗಲೂ ಮೂಲಜಾತಿ ಹೇಳದೆ ಎಕೆ, ಎಡಿ ಅಂತಷ್ಟೇ ಬರೆಸಿದವರಿಗೆ ಬೇರೆಯೇ ಗುಂಪು ಮಾಡಿ ಶೇ. 1 ಶಿಫಾರಸು ಮಾಡಬೇಕಾಯ್ತು.

2027ರ ಫೆಬ್ರವರಿಯಲ್ಲಿ ಜನಗಣತಿ. 1931ರ ನಂತರ ಮೊದಲ ಸಲ ದೇಶದ ಗಣತಿಯಲ್ಲಿ ಎಲ್ಲರ ಜಾತಿ ಎಣಿಸ್ತಾರೆ. ಅದು ಕಾಫಿ ಕುಯ್ಲು, ಕಬ್ಬಿನ ಕೆಲಸಕ್ಕೆ ನಮ್ಮವರು ಊರು ಬಿಟ್ಟಿರೋ ಕಾಲ. ಫೋನ್ ಮಾಡಿ ಹೇಳಿ, ಇದ್ದಲ್ಲೇ ಬರೆಸ್ಲಿ. ಮೂಲಜಾತಿ ಹೆಸರು ಸ್ಪಷ್ಟವಾಗಿ ಹೇಳಿ. ಬರೆದಿದ್ದನ್ನ ಓದಿಸಿ ಕೇಳಿ. ನಾಚಿಕೆ ಪಡಬೇಕಾದವರು ಜಾತಿ ಮಾಡಿದವರು, ನಾವಲ್ಲ.

ಜೈ ಭೀಮ್.