ಅತಿವಾಹಕ ಮತ್ತು ಅಯಸ್ಕಾಂತ: ಹಳೆಯ ಹಗೆ, ಹೊಸ ಕೂಟ

ಪ್ರೌಢಶಾಲೆಯಲ್ಲಿ ಡಯೋಡಿನ ಪಾಠ ಕೇಳಿದವರಿಗೆ ಆ ತ್ರಿಕೋನ ಮತ್ತು ಅಡ್ಡಗೆರೆಯ ಚಿಹ್ನೆ ನೆನಪಿರಬಹುದು. ವಿದ್ಯುತ್ತನ್ನು ಒಂದು ದಿಕ್ಕಿಗೆ ಹರಿಯಬಿಟ್ಟು, ಎದುರು ದಿಕ್ಕಿಗೆ ತಡೆಯುವುದು ಡಯೋಡಿನ ಧರ್ಮ. ಸಲ್ಫೈಡ್ ಹರಳುಗಳಲ್ಲಿ ಈ ಗುಣವನ್ನು 1874ರಲ್ಲಿ ಗುರುತಿಸಿ ಪ್ರಕಟಿಸಿದವರು ಜರ್ಮನಿಯ ಫರ್ಡಿನೆಂಡ್ ಬ್ರೌನ್. ಆಗ ಅವರು ಲೈಪ್‌ಜಿಗ್ ನಗರದಲ್ಲಿ ಶಾಲಾ ಅಧ್ಯಾಪಕರಾಗಿದ್ದರೆಂಬುದು ನನ್ನಂತಹ ಮೇಷ್ಟರುಗಳಿಗೆ ಹೆಮ್ಮೆಯ ಸಂಗತಿ.

ಆದರೆ ಸಾಮಾನ್ಯ ಡಯೋಡು ತನ್ನ ಕೆಲಸಕ್ಕೆ ಕೂಲಿ ಪಡೆಯುತ್ತದೆ. ಶಕ್ತಿಯ ಒಂದು ಪಾಲು ಶಾಖವಾಗಿ ಕಳೆದುಹೋಗುತ್ತದೆ. ರೋಧವೇ ಇಲ್ಲದ ಪದಾರ್ಥದಿಂದ ಡಯೋಡನ್ನು ಮಾಡಲಾಗದೇ?

ಅಂತಹ ಪದಾರ್ಥ ತಿಳಿದದ್ದು 1911ರಲ್ಲಿ. ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನೆಸ್ ಅವರ ಪ್ರಯೋಗಾಲಯವು ಪಾದರಸವನ್ನು 4.2 ಕೆಲ್ವಿನ್, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ವರೆಗೆ ತಂಪುಗೊಳಿಸಿದಾಗ ಅದರ ರೋಧ ಥಟ್ಟನೆ ಮಾಯವಾಯಿತು. ಇದೇ ಅತಿವಾಹಕತೆ. ಆದರೆ ಸಾಧಾರಣವಾಗಿ ಅತಿವಾಹಕಕ್ಕೆ ಎರಡು ದಿಕ್ಕುಗಳೂ ಸಮಾನ. ಈ ಸಮಾನತೆಯನ್ನು ಮುರಿಯಲು ಕಾಂತಕ್ಷೇತ್ರ ಬೇಕು. ಅದೋ ಅತಿವಾಹಕದ ಹುಟ್ಟುಹಗೆ! ಪ್ರಬಲ ಕಾಂತಕ್ಷೇತ್ರದಲ್ಲಿ ಅತಿವಾಹಕತೆ ಅಳಿಯುವುದನ್ನು ಓನೆಸ್ ಅವರೇ 1914ರಲ್ಲಿ ಕಂಡರು. ಅತಿವಾಹಕವು ತನ್ನ ಒಡಲಿನಿಂದ ಕಾಂತಕ್ಷೇತ್ರವನ್ನು ಹೊರದೂಡುವುದನ್ನು 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ತೋರಿಸಿದರು.

ಈ ಹಗೆಗಳನ್ನು ಒಂದುಗೂಡಿಸಿದ ಕಥೆ ತೀರ ಇತ್ತೀಚಿನದು. 2020ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಿಯೋಬಿಯಂ, ವನೇಡಿಯಂ, ಟ್ಯಾಂಟಲಮ್ ಲೋಹಗಳ ತೆಳುಪದರಗಳನ್ನು ಒಂದರ ಮೇಲೊಂದು ಜೋಡಿಸಿ, ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿದರು. ಒಂದು ದಿಕ್ಕಿನಲ್ಲಿ ರೋಧವಿಲ್ಲದೆ ಹರಿದಷ್ಟೇ ವಿದ್ಯುತ್ತು ಎದುರು ದಿಕ್ಕಿನಲ್ಲಿ ರೋಧವನ್ನು ಎದುರಿಸಿತು. 2022ರಲ್ಲಿ ಅವರು ಪದರಗಳ ನಡುವೆ ಅಯಸ್ಕಾಂತೀಯ ಕೋಬಾಲ್ಟನ್ನು ಸೇರಿಸಿ, ಹೊರಗಿನ ಕ್ಷೇತ್ರದ ಹಂಗಿಲ್ಲದೆ ಅದೇ ಫಲವನ್ನು ಪಡೆದರು.

ಪದರಗಳ ವಿಶಿಷ್ಟ ಜೋಡಣೆಯೇ ಇದಕ್ಕೆ ಕಾರಣವೆಂಬ ವಿವರಣೆ ಮೂಡಿತು. ಆದರೆ 2023ರಲ್ಲಿ ಅಮೆರಿಕದ ಎಂ.ಐ.ಟಿ.ಯ ಜಗದೀಶ್ ಮೂಡೇರ ಮತ್ತು ಸಂಗಡಿಗರು ಬೇರೊಂದು ಸತ್ಯವನ್ನು ಮುಂದಿಟ್ಟರು. ಮೂಡೇರ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದವರೆಂಬುದು ನಮಗೆ ಸಂತೋಷದ ವಿಷಯ. ನಿಯೋಬಿಯಂ ಅಥವಾ ವನೇಡಿಯಂನ ಸಾಮಾನ್ಯ ತೆಳುಪದರದಲ್ಲಿಯೂ, ಕೇವಲ ಒಂದು ಅರ್ಸ್ಟೆಡ್‌ನಷ್ಟು ಕ್ಷೀಣ ಕ್ಷೇತ್ರದಲ್ಲಿ, ಈ ಪರಿಣಾಮ ಕಾಣುತ್ತದೆಂದು ಅವರು ತೋರಿಸಿದರು.

ಇದರ ಒಳಗುಟ್ಟು ಪದರದ ಅಂಚಿನಲ್ಲಿದೆ. ವಿದ್ಯುತ್ತು ಮಿತಿಮೀರಿದಾಗ ಕಾಂತೀಯ ಸುಳಿಗಳು ಅಂಚಿನಿಂದ ಒಳನುಗ್ಗಿ ಚಲಿಸತೊಡಗುತ್ತವೆ. ಆಗ ರೋಧ ಹುಟ್ಟುತ್ತದೆ. ವಿದ್ಯುತ್ತಿನ ದಿಕ್ಕು ಬದಲಾದರೆ ಸುಳಿಗಳು ನುಗ್ಗುವ ಅಂಚೂ ಬದಲಾಗುತ್ತದೆ. ಕೆರೆಯ ಏರಿ ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆ ತಗ್ಗಾಗಿದ್ದರೆ ನೀರು ತಗ್ಗಿನಲ್ಲಿಯೇ ಕೋಡಿ ಬೀಳುವುದಷ್ಟೆ. ಎರಡು ಅಂಚುಗಳು ಅಸಮವಾಗಿದ್ದರೆ ಇಲ್ಲಿಯೂ ಹಾಗೆಯೇ. ಪದರಕ್ಕೆ ತಾಗಿದಂತೆ ಯೂರೋಪಿಯಂ ಸಲ್ಫೈಡ್ ಎಂಬ ಅಯಸ್ಕಾಂತೀಯ ಅರೆವಾಹಕವನ್ನಿಟ್ಟಾಗ ಈ ಭೇದ ಮತ್ತಷ್ಟು ಬಲಗೊಂಡು, ದಕ್ಷತೆ ಶೇಕಡಾ 65ಕ್ಕೇರಿತು. ಎಂದರೆ ಒಂದು ದಿಕ್ಕಿನ ಮಿತಿ ಎದುರು ದಿಕ್ಕಿನದಕ್ಕಿಂತ ಸುಮಾರು ನಾಲ್ಕೂಮುಕ್ಕಾಲು ಪಟ್ಟು ಹೆಚ್ಚು.

2025ರಲ್ಲಿ ಇದೇ ತಂಡ ಅಂತಹ ನಾಲ್ಕು ಡಯೋಡುಗಳನ್ನು ಒಂದೇ ಚಿಪ್ಪಿನಲ್ಲಿ ಜೋಡಿಸಿ, ಪರ್ಯಾಯ ವಿದ್ಯುತ್ತನ್ನು ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿತು. ಕ್ವಾಂಟಮ್ ಕಂಪ್ಯೂಟರುಗಳಿಗೆ ಇದರಿಂದ ಪ್ರಯೋಜನವಾದೀತು. ಅತಿಶೀತದಲ್ಲಿ ನಡೆಯುವ ಆ ಯಂತ್ರಗಳಿಗೆ ತಂತಿಗಳ ಮೂಲಕ ಹೊರಗಿನ ಶಾಖ ಸೋರುವುದೇ ದೊಡ್ಡ ತಲೆನೋವು. ಒಳಗೇ ವಿದ್ಯುತ್ತನ್ನು ಪರಿವರ್ತಿಸಿದರೆ ತಂತಿಗಳು ಕಡಿಮೆಯಾಗುತ್ತವೆ. ಆದರೆ ಈ ಡಯೋಡಿಗೂ ಆ ಚಳಿ ಬೇಕೇ ಬೇಕು. ನಮ್ಮ ಮನೆಯ ರೇಡಿಯೋದೊಳಗೆ ಇದು ಬಂದು ಕೂರುವುದಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಕ್ಯೋಟೋದ ಪ್ರಯೋಗವನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಅಪೂರ್ವ ಕಾರಣವನ್ನು ಒಪ್ಪುವ ಮೊದಲು ಸಾಮಾನ್ಯ ಕಾರಣವನ್ನೂ ಅಳೆದು ನೋಡಬೇಕೆಂಬ ಶಿಸ್ತು ಅಲ್ಪವಾದುದಲ್ಲ. ನೂರು ವರ್ಷ ಹಗೆಯೆಂದು ಬಗೆದದ್ದು ನೆರವಿಗೆ ಬಂದದ್ದೂ, ಲೋಹದ ಬರಿಯ ಅಂಚೊಂದು ಗುಟ್ಟು ಬಿಟ್ಟುಕೊಟ್ಟದ್ದೂ ಆ ಶಿಸ್ತಿನ ಫಲವೇ.